ಎಡಗಡೆ ನಡೆಯುತ್ತಿದ್ದ ಅಕ್ಕ

ನಮ್ಮ ಮನೆಯಲ್ಲಿ ಯಾರೂ ಬರೀ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕರೆದವರು ತಾವು ಎಲ್ಲಿದ್ದೇವೆ ಅನ್ನುವುದನ್ನೂ ಜೊತೆಗೇ ಹೇಳಬೇಕಿತ್ತು. ಅಮ್ಮ "ಬಾರೇ ಇಲ್ಲಿ, ಹಿತ್ತಲು" ಅನ್ನುತ್ತಿದ್ದಳು. ಮನೆಯ ಮುಂಭಾಗದಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದ ಅಪ್ಪಾಜಿ "ಅಂಗಡಿ ಕಣಮ್ಮ, ಒಂದ್ ಲೋಟ ನೀರು" ಅನ್ನುತ್ತಿದ್ದರು. ಅಕ್ಕನದು ಇನ್ನೂ ಕರಾರುವಾಕ್ಕು. "ಮಹಡಿ ಮೆಟ್ಟಿಲು, ಕೆಳಗಿಂದ ಮೂರನೇದು" ಅಂತ ಕೂಗುತ್ತಿದ್ದಳು. ಮೈಸೂರಿನ ಚಾಮರಾಜಪುರಂನ ಆ ಉದ್ದನೆಯ ಮನೆಗೆ ಮೊದಲ ಸಲ ಬಂದ ನೆಂಟರು, ಪಕ್ಕದ ರೈಲ್ವೆ ಸ್ಟೇಷನ್ನಿಗಿಂತ ನಿಮ್ಮನೇಲೇ ಅನೌನ್ಸ್‌ಮೆಂಟ್ ಜಾಸ್ತಿ ಅಂತ ನಗುತ್ತಿದ್ದರು.

ಇದೆಲ್ಲ ನನ್ನ ಬಲಗಿವಿಗಾಗಿ. ಹಾಗಂತ ನಾನು ಬಹಳ ವರ್ಷ ನಂಬಿದ್ದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿಮೂರು. ಬೀದಿಯ ಮಕ್ಕಳಿಗೆಲ್ಲ ಮಂಗನಬಾವು ಬಂತು, ನಮ್ಮಿಬ್ಬರಿಗೂ ಒಂದೇ ವಾರದಲ್ಲಿ ಬಂತು. ಅಮ್ಮ ಇಬ್ಬರ ಕೆನ್ನೆಗೂ ಅರಿಶಿನ ಬಳಿದು ಒಂದೇ ಕೋಣೆಯಲ್ಲಿ ಮಲಗಿಸಿದಳು. ಊತ ಇಳಿದ ಮೇಲೆ ಶಾಲೆಗೆ ಹೋದೆ. ಟೀಚರ್ ನನ್ನ ಬಲಗಡೆಯ ಕಿಟಕಿಯ ಪಕ್ಕ ನಿಂತು ಉಕ್ತಲೇಖನ ಹೇಳಿದರು. ನಾನು ಅರ್ಧ ಹಾಳೆ ಖಾಲಿ ಕೊಟ್ಟೆ. ಸೊಕ್ಕು ಅಂದುಕೊಂಡು ಎರಡೇಟು ಬಿಗಿದರು. ಆಮೇಲೆ ಡಾಕ್ಟರು ನೋಡಿ, ಬಲಗಿವಿಯ ನರ ಹೋಗಿದೆ, ಮಾಡುವಂಥದ್ದೇನೂ ಇಲ್ಲ, ಎಡಗಿವಿ ಚೆನ್ನಾಗಿದೆ ಅಂದರು. ಅಮ್ಮ ವಾರಗಟ್ಟಲೆ ಅತ್ತಳು. ಒಲೆಯ ಮುಂದೆ ಕೂತು ಅಳುವುದು, ನನ್ನನ್ನು ಕಂಡರೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದು, ನಾನು ಆಚೆ ಹೋದರೆ ಮತ್ತೆ ಅಳುವುದು. ನನಗೆ ಅದನ್ನು ನೋಡಿ ಸಿಟ್ಟು ಬರುತ್ತಿತ್ತು. ನನಗೆ ಕೇಳಿಸುತ್ತದಲ್ಲ, ಇವಳ್ಯಾಕೆ ಹೀಗೆ ಗೋಳಾಡುತ್ತಾಳೆ ಅಂತ.

ಕೇಳಿಸುತ್ತಿತ್ತು, ನಿಜ. ಒಂದು ಕಿವಿ ಹೋದವರಿಗೆ ಶಬ್ದಕ್ಕೇನೂ ಬರಗಾಲವಿಲ್ಲ. ಅದು ಎಲ್ಲಿಂದ ಬಂತು ಅನ್ನುವುದು ಗೊತ್ತಾಗುವುದಿಲ್ಲ, ಅಷ್ಟೇ. ಅಮ್ಮ ಹಿತ್ತಲಿನಿಂದ ಕರೆದರೆ ನಾನು ಜಗಲಿಗೆ ಓಡುತ್ತಿದ್ದೆ. ಸೈಕಲ್ ಬೆಲ್ ಕೇಳಿಸಿದರೆ ಅದು ಬರುತ್ತಿರುವ ಕಡೆಗೇ ಸರಿಯುತ್ತಿದ್ದೆ. ನಿಂತಲ್ಲೇ ಕತ್ತು ಆ ಕಡೆ ಈ ಕಡೆ ತಿರುಗಿಸಿ, ಯಾವ ಕಡೆ ತಿರುಗಿದಾಗ ದನಿ ದಪ್ಪವಾಯಿತು ಅಂತ ನೋಡಿಕೊಂಡು ಹುಡುಕುವುದನ್ನು ನಾನೇ ಕಲಿತೆ. ಶಾಲೆಯಲ್ಲಿ ನನಗೆ ಕೋಳಿ ಅಂತ ಅಡ್ಡಹೆಸರು ಬಿತ್ತು.

ಆಗ ಅಕ್ಕ ಒಂದು ಕಾನೂನು ಮಾಡಿದಳು. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಹೇಳಿದಳು.

"ಇನ್ಮೇಲೆ ಈ ಮನೇಲಿ ಕರೆಯೋರು ಎಲ್ಲಿದೀನಿ ಅಂತ ಹೇಳ್ಬೇಕು. ಓಗೊಡೋರೂ ಎಲ್ಲಿದೀನಿ ಅಂತ ಹೇಳ್ಬೇಕು. ಇಬ್ರೂ."

"ಓಗೊಡೋರು ಯಾಕೆ? ಕಿವಿ ಹೋಗಿರೋದು ಇವಳಿಗೆ ತಾನೇ?" ಅಂದರು ಅಪ್ಪಾಜಿ.

"ಅಭ್ಯಾಸ ಆಗ್ಲಿ ಅಂತ ಅಪ್ಪಾಜಿ" ಅಂದಳು ಅಕ್ಕ.

ದೊಡ್ಡವರು ಒಪ್ಪಿದರು, ದಿನ ಕಳೆದಂತೆ ರೂಢಿಯೂ ಆಯಿತು. ಒಪ್ಪದವಳು ನಾನೊಬ್ಬಳೇ. ಅಕ್ಕ ನನ್ನನ್ನು ಕರೆದರೆ "ಆಂ" ಅಂತ ಮಾತ್ರ ಅನ್ನುತ್ತಿದ್ದೆ. ಅವಳು "ಎಲ್ಲಿದೀಯೇ?" ಅಂತ ಮತ್ತೆ ಕೇಳುತ್ತಿದ್ದಳು. "ಕಿವುಡಿ ನಾನು, ನೀನಲ್ಲ. ನೀನೇ ಹುಡುಕ್ಕೋ" ಅನ್ನುತ್ತಿದ್ದೆ. ಅವಳು ಕೋಣೆಯಿಂದ ಕೋಣೆಗೆ ಹುಡುಕಿಕೊಂಡು ಬರುವ ಕಾಲ್ಸಪ್ಪಳ ಕೇಳುವುದೇ ನನಗೊಂದು ಮೋಜು. ಆ ವಯಸ್ಸಿನಲ್ಲಿ ನನ್ನ ಹತ್ತಿರ ಇದ್ದದ್ದು ಅದೊಂದೇ ಅಧಿಕಾರ, ನಾನು ಅದನ್ನು ಬಿಟ್ಟುಕೊಡಲಿಲ್ಲ.

ಕಣ್ಣಾಮುಚ್ಚಾಲೆಯಲ್ಲೂ ಹಾಗೇ. ಅಡಗಿಕೊಂಡು ಒಂದು ಸಲ "ಕೂ" ಅನ್ನಬೇಕು, ಆಟದ ನಿಯಮ. ಬೀದಿಯ ಮಕ್ಕಳೆಲ್ಲ ನನ್ನ "ಕೂ" ಕೇಳಿ ನೇರವಾಗಿ ಬಂದು ಹಿಡಿಯುತ್ತಿದ್ದರು. ಅಕ್ಕ ಮಾತ್ರ ತದ್ವಿರುದ್ಧ ದಿಕ್ಕಿಗೆ ಹೋಗುತ್ತಿದ್ದಳು. ನಾನು ಅಕ್ಕಿ ಮೂಟೆಯ ಹಿಂದೆ ಕೂತಿದ್ದರೆ ಅವಳು ಬಚ್ಚಲುಮನೆಯಲ್ಲಿ ಹುಡುಕುತ್ತಿದ್ದಳು. ತಂಗಿ ಗೆಲ್ಲಲಿ ಅಂತ ಬೇಕಂತಲೇ ಸೋಲುತ್ತಾಳೆ ಅಂದುಕೊಂಡು ನಾನು ಒಳಗೊಳಗೇ ಬೀಗುತ್ತಿದ್ದೆ.

ರಸ್ತೆಯಲ್ಲಿ ಅವಳು ಯಾವಾಗಲೂ ನನ್ನ ಎಡಕ್ಕೇ ನಡೆಯುತ್ತಿದ್ದಳು. ಶಾಲೆಗೆ, ಮಾರ್ಕೆಟ್ಟಿಗೆ, ಬೆಟ್ಟಕ್ಕೆ, ಎಲ್ಲಿಗೆ ಹೋದರೂ. ನಾನು ಅಪ್ಪಿತಪ್ಪಿ ಆ ಕಡೆ ಹೋದರೆ ಭುಜ ಹಿಡಿದು ಈ ಕಡೆ ತರುತ್ತಿದ್ದಳು. ಹಾಸಿಗೆಯಲ್ಲೂ ಅವಳು ಎಡಕ್ಕೆ, ನಾನು ಬಲಕ್ಕೆ. ದೀಪ ಆರಿಸಿದ ಮೇಲೆ ಸಣ್ಣ ದನಿಯಲ್ಲಿ ಎಷ್ಟೋ ಹೊತ್ತು ಮಾತಾಡುತ್ತಿದ್ದೆವು. ನೋಡಿ, ತಂಗಿಯ ಒಳ್ಳೇ ಕಿವಿ ಯಾವ ಕಡೆ ಇದೆಯೋ ಆ ಕಡೆನೇ ಇರ್ತಾಳೆ, ಎಂಥ ಹುಡುಗಿ ಅಂತ ಬೀದಿಯವರೆಲ್ಲ ಅಕ್ಕನನ್ನು ಹೊಗಳುತ್ತಿದ್ದರು. ಹೊಗಳಿಕೆ ಬಂದಾಗ ಅವಳು ತಲೆ ತಗ್ಗಿಸುತ್ತಿದ್ದಳು. ವಿನಯ ಅಂದುಕೊಂಡಿದ್ದೆವು.

ದಶಕ ಮುಗಿಯುವ ಹೊತ್ತಿಗೆ ಅಕ್ಕನ ಮದುವೆಯಾಯಿತು. ಗಂಡನ ಮನೆ ದಟ್ಟಗಳ್ಳಿಯಲ್ಲಿ. ಆಗಿನ್ನೂ ಅಲ್ಲಿ ನಾಲ್ಕು ಮನೆಗೆ ಹತ್ತು ಖಾಲಿ ಸೈಟು. ಒಂದು ಬಸ್ಸು ಹಿಡಿದರೆ ಮುಟ್ಟುವಷ್ಟು ದೂರ. ಆದರೂ ಅವಳು ಹೋದ ಮೇಲೆ ನಮ್ಮ ಮನೆ ಬಣಗುಟ್ಟಿತು. ಅಮ್ಮ, ಅಪ್ಪಾಜಿ ಇಬ್ಬರೂ ಮೊದಲಿನ ಹಾಗೇ ಜಾಗ ಹೇಳಿ ಕರೆಯುತ್ತಿದ್ದರು. ಆದರೆ "ಮಹಡಿ ಮೆಟ್ಟಿಲು, ಮೂರನೇದು" ಅನ್ನುವ ದನಿ ಇರಲಿಲ್ಲ. ಸಂಜೆ ಕಾಲೇಜಿನಿಂದ ಬಂದು ಆ ಮೂರನೇ ಮೆಟ್ಟಿಲ ಮೇಲೆ ನಾನೇ ಕೂರುತ್ತಿದ್ದೆ. ರಸ್ತೆಯಲ್ಲಿ ಒಬ್ಬಳೇ ನಡೆಯುವಾಗ ಎಡಗಡೆ ಒಬ್ಬರು ಹಿಡಿಸುವಷ್ಟು ಜಾಗ ಬಿಟ್ಟುಕೊಂಡು ನಡೆಯುತ್ತಿದ್ದೇನೆ ಅಂತ ಗೊತ್ತಾಗಿ ನನಗೇ ಅಳು ಬಂದಿತ್ತು. ಅವಳು ಬೇಕಿತ್ತು ನನಗೆ. ಇದನ್ನು ಬೇರೆ ಯಾವ ಥರದಲ್ಲೂ ಹೇಳಲು ಬರುವುದಿಲ್ಲ.

ಆ ಮನೆಯಲ್ಲಿ ಅಕ್ಕನಿಗೆ ಒಳ್ಳೆಯ ಹೆಸರು ಬರಲಿಲ್ಲ. ಅವಳ ಅತ್ತೆ ಕೆಟ್ಟವರಲ್ಲ, ಉಣ್ಣೋಕೆ ತಿನ್ನೋಕೆ ಕೊರತೆ ಮಾಡಿದವರಲ್ಲ. ಆದರೆ ನಾವು ಹೋದಾಗಲೆಲ್ಲ ಒಂದೇ ಪುರಾಣ.

"ಅದೇನು ಸೊಸೆನೋ ಕಣ್ರೀ. ಅಡಿಗೆಮನೇಲಿ ನಿಂತ್ಕೊಂಡು ಕರೆದ್ರೆ ಹೋಗಿ ವರಾಂಡದಲ್ಲಿ ನಿಂತ್ಕೋತಾಳೆ. ಮಿಕ್ಸಿ ಓಡ್ತಾ ಇದ್ರಂತೂ ಮುಗಿದೇ ಹೋಯ್ತು, ತಿರುಗಿ ಕೂಡ ನೋಡಲ್ಲ. ಧಿಮಾಕು" ಅನ್ನುತ್ತಿದ್ದರು.

ಅಕ್ಕ ಕಾಫಿ ಲೋಟ ಇಟ್ಟು ಒಳಗೆ ಹೋಗುತ್ತಿದ್ದಳು. ನಮ್ಮಕ್ಕನಿಗೆ ಧಿಮಾಕು ಅಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಡಿಗ್ರಿ ಮುಗಿಸಿದ ಮೇಲೆ ನನಗೆ ಕೆಲಸ ಸಿಕ್ಕಿತು. ಊರಿನಲ್ಲೇ ಕಿವಿಯ ಪರೀಕ್ಷೆ, ಸಂಶೋಧನೆ ಮಾಡುವ ಒಂದು ಕಡೆ ಟೈಪಿಸ್ಟ್ ಆಗಿ ಸೇರಿಕೊಂಡೆ. ಅಲ್ಲಿ ಸಂಶೋಧನೆ ಮಾಡುತ್ತಿದ್ದ ಒಬ್ಬ ಮೇಡಂ ಟೈಪಿಂಗ್ ಜೊತೆಗೆ ತಮ್ಮ ಪ್ರಯೋಗದ ಹಾಳೆಗಳನ್ನು ನೋಡಿಕೊಳ್ಳುವ ಕೆಲಸವನ್ನೂ ನನಗೆ ಹಚ್ಚಿದರು. ಎರಡು ಸಾವಿರದ ಮೊದಲ ವರ್ಷಗಳು ಅವು.

ಪ್ರಯೋಗ ಹೀಗಿತ್ತು. ಗೋಡೆಗೆಲ್ಲ ದಪ್ಪ ಸ್ಪಂಜು ಹೊಡೆದ, ಒಂದಿಷ್ಟೂ ಮಾರ್ದನಿ ಇಲ್ಲದ ಒಂದು ಕೋಣೆ. ನಡುವೆ ಕುರ್ಚಿ, ಸುತ್ತ ಗಡಿಯಾರದ ಅಂಕಿಗಳ ಹಾಗೆ ಹನ್ನೆರಡು ಸ್ಪೀಕರುಗಳು. ಕೂತವರ ಎರಡೂ ಕಿವಿಯೊಳಗೆ ಮೆಣಸಿನಕಾಳಿನಷ್ಟು ಚಿಕ್ಕ ಮೈಕು ಇಟ್ಟು, ಪ್ರತಿ ಸ್ಪೀಕರಿನಿಂದಲೂ ಒಂದು ಶಬ್ದ ಹೊರಡಿಸಿ, ಅದು ಅವರ ಕಿವಿಗೆ ಹೇಗೆ ಬಂದು ತಲುಪಿತು ಅನ್ನುವುದನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚುಂಯ್ ಅನ್ನುವ ಶಬ್ದ. ಆಮೇಲೆ ಅದೇ ಜನರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಆ ರೆಕಾರ್ಡನ್ನೇ ಕೇಳಿಸುವುದು. ಸ್ಪೀಕರು ಇಲ್ಲ, ಏನೂ ಇಲ್ಲ, ಆದರೂ ಶಬ್ದ ಹೊರಗೆಲ್ಲೋ ಆದ ಹಾಗೆ ಕೇಳಿಸುತ್ತದೆ. ಎಲ್ಲಿ ಅನ್ನುವುದನ್ನು ಹಾಳೆಯ ಮೇಲೆ ಗುರುತು ಹಾಕಬೇಕು. ಹಾಳೆಯಲ್ಲಿ ಒಂದು ದೊಡ್ಡ ವೃತ್ತ, ನಡುವೆ ಮೇಲಿನಿಂದ ನೋಡಿದ ಹಾಗೆ ಒಂದು ತಲೆ, ಮುಂದೆ ಮೂಗು, ಪಕ್ಕದಲ್ಲಿ ಎರಡು ಕಿವಿ. ಯಾರು ಎಷ್ಟು ಸರಿಯಾಗಿ ಹೇಳಿದರು, ಎಷ್ಟು ತಪ್ಪಿದರು ಅಂತ ಲೆಕ್ಕ ಹಾಕಿ ಬರೆಯುವುದು ನನ್ನ ಪಾಲಿಗೆ.

ನಿಜ ಹೇಳುತ್ತೇನೆ, ಆ ತಪ್ಪುಗಳನ್ನು ಎಣಿಸುವುದು ನನಗೆ ಬಲು ಖುಷಿ ಕೊಡುತ್ತಿತ್ತು. ಎಡ ಬಲ ಎಲ್ಲರೂ ಸರಿಯಾಗಿ ಹೇಳುತ್ತಿದ್ದರು. ಮುಂದೆ ಹಿಂದೆ ಬಂದಾಗ ಎಡವುತ್ತಿದ್ದರು. ಮೂಗಿನ ನೇರ ಎದುರಿನ ಶಬ್ದವನ್ನು ಬೆನ್ನ ಹಿಂದೆ ಅಂತ ಗುರುತು ಹಾಕಿ, ಅನುಮಾನವೇ ಇಲ್ಲದ ಮುಖದಲ್ಲಿ ಎದ್ದು ಬರುತ್ತಿದ್ದರು. ಬೇರೆಯವರ ಕಿವಿಯಲ್ಲಿ ಮಾಡಿದ ರೆಕಾರ್ಡು ಕೇಳಿಸಿದರಂತೂ ಪೂರ್ತಿ ಎಡವಟ್ಟು. ಕೆಲವರಿಗೆ ಶಬ್ದ ತಲೆಯ ಒಳಗೇ ಆದ ಹಾಗೆ ಕೇಳಿಸುತ್ತಿತ್ತು. ಪ್ರತಿಯೊಬ್ಬರ ಕಿವಿಯ ಮಡಿಕೆಯೂ ಬೇರೆ ಬೇರೆ, ಒಬ್ಬರ ಕಿವಿಯಲ್ಲಿ ಇನ್ನೊಬ್ಬರು ಕೇಳೋಕೆ ಆಗಲ್ಲ ಅಂತ ಮೇಡಂ ವಿವರಿಸಿದರು. ಎರಡೆರಡು ಕಿವಿ ಇಟ್ಟುಕೊಂಡು ಇವರ ಯೋಗ್ಯತೆ ಇಷ್ಟೇನಾ ಅಂತ ನಾನು ಮನಸ್ಸಿನಲ್ಲೇ ಅವರೆಲ್ಲರಿಗೂ ಕೋಳಿ ಅಂತ ಹೆಸರಿಟ್ಟೆ.

ಒಂದು ದಿನ ನನ್ನ ಕಿವಿಯ ವಿಷಯ ಗೊತ್ತಿದ್ದ ಮೇಡಂ, "ನೀವೂ ಒಂದ್ಸಲ ಕೂತು ನೋಡಿ, ಲೆಕ್ಕಕ್ಕಲ್ಲ, ಸುಮ್ನೆ" ಅಂದರು. ಕೂತೆ. ಹೆಡ್‌ಫೋನಿನಲ್ಲಿ ಶಬ್ದ ಬಂದಾಗ ಅಭ್ಯಾಸಬಲದಿಂದ ಕತ್ತು ತಿರುಗಿಸಿದೆ. ಆದರೆ ನಾನು ತಿರುಗಿದ ಹಾಗೆಲ್ಲ ಶಬ್ದವೂ ನನ್ನ ಜೊತೆ ತಿರುಗಿತು. ತಲೆಗೇ ಕಟ್ಟಿದ ಶಬ್ದವನ್ನು ತಲೆ ತಿರುಗಿಸಿ ಹುಡುಕುವುದು ಹೇಗೆ? ಇಷ್ಟು ವರ್ಷದ ನನ್ನ ಉಪಾಯ ಅಲ್ಲಿ ನಡೆಯಲಿಲ್ಲ. ಮೂವತ್ತಾರು ಗುರುತುಗಳೂ ವೃತ್ತದ ಎಡ ಅಂಚಿನಲ್ಲೇ, ಒಂದರ ಮೇಲೊಂದು, ಇರುವೆ ಮುತ್ತಿದ ಹಾಗೆ ಬಿದ್ದಿದ್ದವು. ನನಗೆ ನಗು ಬಂತು. ಆ ಹಾಳೆಯನ್ನು ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡೆ.

ಪ್ರಯೋಗಕ್ಕೆ ಕೂತು ಕೇಳುವವರು ಸಾಲುತ್ತಿರಲಿಲ್ಲ. ಗೊತ್ತಿರುವವರನ್ನು ಕರೆದುಕೊಂಡು ಬನ್ನಿ ಅಂತ ಮೇಡಂ ಹೇಳಿದ್ದೇ ತಡ, ನನಗೆ ಹೊಳೆದದ್ದು ಅಕ್ಕ. ಸಂಶೋಧನೆಗೆ ಉಪಕಾರವಾಗಲಿ ಅಂತಲ್ಲ. ಎರಡು ಮಧ್ಯಾಹ್ನ ಅವಳು ನನ್ನ ಜೊತೆ ಇರುತ್ತಾಳೆ, ಬಸ್ ಸ್ಟಾಪಿನಿಂದ ಆಫೀಸಿನವರೆಗೆ ನನ್ನ ಪಕ್ಕ ನಡೆಯುತ್ತಾಳೆ, ಅಷ್ಟೇ ನನ್ನ ಆಸೆ.

ಅಕ್ಕ ಒಪ್ಪಲೇ ಇಲ್ಲ. "ಬೇಡ ಕಣೇ, ನಂಗೆ ಅದೆಲ್ಲ ಬರಲ್ಲ" ಅಂದಳು. ಬರೋದೇನು ಬಂತು, ಕೂತು ಕೇಳಿದರಾಯಿತು ಅಂತ ನಾನು ಗಂಟುಬಿದ್ದೆ. ಅವಳ ಅತ್ತೆಯ ಹತ್ತಿರ ನಾನೇ ಅಪ್ಪಣೆ ಕೇಳಿದೆ. ಕೊನೆಗೆ ಬಂದಳು.

ಕೂರಿಸುವ ಮೊದಲು ಪ್ರತಿಯೊಬ್ಬರ ಎರಡೂ ಕಿವಿ ಪರೀಕ್ಷೆ ಮಾಡಿಸಿ, ಸರಿಯಾಗಿದೆ ಅಂತ ಫಾರಂ ತುಂಬಬೇಕಿತ್ತು. ಅದೇ ಕಡ್ಡಾಯ. ಆ ದಿನ ಪರೀಕ್ಷೆಯ ಕೋಣೆಯ ಮುಂದೆ ಉದ್ದ ಸಾಲು. ನಮ್ಮಕ್ಕನ ಕಿವಿಗೇನು ಧಾಡಿ ಅಂದುಕೊಂಡು, ಬಲಗಿವಿ ಸರಿ, ಎಡಗಿವಿ ಸರಿ ಅಂತ ನನ್ನ ಕೈಯಾರೆ ಬರೆದುಬಿಟ್ಟೆ. ಅಕ್ಕ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

"ಹಂಗೇ ಬರೆದ್ಬುಟ್ಟೆಯಾ?" ಅಂದಳು.

"ಇನ್ನೇನು, ನಿನ್ ಕಿವಿ ನಂಗೊತ್ತಿಲ್ವಾ?" ಅಂದೆ.

ಅವಳು ಆ ಎರಡು ಸಾಲನ್ನು ಇನ್ನೊಂದು ಸಲ ಓದಿ, ನನ್ನ ಹಿಂದೆ ಒಳಗೆ ಬಂದಳು.

ರೆಕಾರ್ಡಿಂಗ್ ಅವತ್ತೇ ಮುಗಿದು, ಎರಡನೇ ಮಧ್ಯಾಹ್ನ ಹೆಡ್‌ಫೋನ್ ಹಾಕಿಕೊಂಡು ಅಕ್ಕ ಒಳಗೆ ಕೂತಳು. ಗಾಜಿನ ಈಚೆ ನಾನು. ಅವಳು ಪ್ರತಿ ಶಬ್ದಕ್ಕೂ ಬಹಳ ಹೊತ್ತು ಪೆನ್ಸಿಲ್ ಹಿಡಿದು ಕೂರುತ್ತಿದ್ದಳು. ಅರ್ಧ ಗಂಟೆಯಾದ ಮೇಲೆ ಹೊರಗೆ ಬಂದು ಹಾಳೆಯನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲೆ ಮಗುಚಿ ಇಟ್ಟಳು. ನಾನು ತಿರುಗಿಸಿ ನೋಡಿದೆ. ಮೂವತ್ತಾರು ಗುರುತುಗಳೂ ವೃತ್ತದ ಬಲ ಅಂಚಿನಲ್ಲಿ, ಒಂದರ ಮೇಲೊಂದು ಬಿದ್ದಿದ್ದವು.

ಆ ಥರದ ಹಾಳೆಯನ್ನು ನಾನು ಒಂದೇ ಒಂದು ನೋಡಿದ್ದೆ. ಅದು ನನ್ನ ಬ್ಯಾಗಿನಲ್ಲೇ ಇತ್ತು.

ಹೊರಗೆ ಬೇವಿನ ಮರದ ಕೆಳಗೆ ಕಲ್ಲುಬೆಂಚು. ಅಲ್ಲಿ ಕೂತಾಗಲೂ ಅವಳು ನನ್ನ ಎಡಕ್ಕೇ ಕೂತಳು. ಅವಳಿಗೆ ಎಡಗಿವಿ ಕೇಳಿಸುವುದಿಲ್ಲ. ನಾನು ಅವಳ ಬಲಕ್ಕಿದ್ದರೆ ಮಾತ್ರ ಅವಳಿಗೆ ನನ್ನ ಮಾತು ಕೇಳುತ್ತದೆ. ಅಷ್ಟು ವರ್ಷ ಪಕ್ಕದಲ್ಲಿ ನಡೆದು, ಮಲಗಿ, ಮಾತಾಡಿ, ಇದು ನನ್ನ ತಲೆಗೆ ಹೋಗಿರಲಿಲ್ಲ.

"ಯಾವಾಗಿಂದ?" ಅಂದೆ.

"ನಿಂಗೆ ಆದ ವಾರವೇ. ಬಲಕ್ಕೆ ಹೊರಳಿ ಮಲಗಿದ್ರೆ ರೇಡಿಯೋ ನಿಂತುಹೋಗ್ತಿತ್ತು. ಎದ್ರೆ ಮತ್ತೆ ಹಾಡ್ತಿತ್ತು. ನಾಲ್ಕೈದು ಸಲ ಮಾಡಿ ನೋಡಿದ್ಮೇಲೆ ಗೊತ್ತಾಯ್ತು."

"ಹೇಳ್ಬಾರ್ದಿತ್ತಾ?"

"ಅಮ್ಮ ನಿನ್ನೊಬ್ಬಳಿಗೇ ಅಷ್ಟು ಅತ್ತಳು ಕಣೇ. ಇಬ್ಬರಿಗೂ ಅಂದ್ರೆ ಏನಾಗ್ತಿದ್ಲು?" ಅಂದಳು ಅಕ್ಕ. "ಆಮೇಲೆ ಹೇಳೋ ಹೊತ್ತಿಗೆ ಮದುವೆ ಮಾತುಕತೆ ಶುರುವಾಗಿತ್ತು. ಹಂಗೇ ಉಳಿದುಹೋಯ್ತು" ಅಂದಳು.

"ಇವತ್ತು ಯಾಕೆ ಬಂದೆ ಮತ್ತೆ? ಅಲ್ಲಿ ಇಲ್ಲಿ ಗುರುತು ಹಾಕಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

"ಸುಳ್ಳು ಗುರುತು ಹಾಕೋಕೆ ಕೈ ಬರ್ಲಿಲ್ಲ. ನೀನು ನೋಡ್ಲಿ ಅನ್ನಿಸ್ತು. ಇನ್ಯಾರಿಗೂ ಹೇಳ್ಬೇಡ, ನನ್ನಾಣೆ" ಅಂದಳು.

ಹೇಳುವುದಿಲ್ಲ ಅಂತ ಕೈಮೇಲೆ ಕೈ ಇಟ್ಟೆ. ಮೇಡಂ ಹತ್ತಿರ ಮಾತ್ರ, ಆ ಫಾರಂ ನಾನೇ ತುಂಬಿದ್ದು, ಪರೀಕ್ಷೆ ಆಗಿರಲಿಲ್ಲ ಅಂತ ಒಪ್ಪಿಕೊಳ್ಳಲೇಬೇಕಾಯಿತು. ಚೆನ್ನಾಗಿ ಮಂಗಳಾರತಿ ಆಯಿತು. ಅಕ್ಕನ ಹಾಳೆಯನ್ನು ಪ್ರಯೋಗದಿಂದ ತೆಗೆದುಹಾಕಿದರು. ನಾನು ಅದನ್ನು ಕೇಳಿ ತೆಗೆದುಕೊಂಡು ನನ್ನ ಹಾಳೆಯ ಜೊತೆ ಇಟ್ಟೆ.

ಆ ರಾತ್ರಿಯಿಂದ ನನಗೆ ಹಳೆಯದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ಅಕ್ಕಿ ಮೂಟೆಯ ಹಿಂದಿನ "ಕೂ", ಬಚ್ಚಲುಮನೆಯಲ್ಲಿ ಹುಡುಕುತ್ತಿದ್ದ ಅಕ್ಕ. ಅವಳು ಬೇಕಂತ ಸೋತಿರಲಿಲ್ಲ. ಓಗೊಡುವವರೂ ಜಾಗ ಹೇಳಬೇಕು ಅಂತ ಕಾನೂನು ಮಾಡಿದ್ದು ಅಭ್ಯಾಸವಾಗಲಿ ಅಂತಲೂ ಅಲ್ಲ. ಅವಳಿಗೂ ಅದೇ ಬೇಕಿತ್ತು, ಆದರೆ ಅದನ್ನು ನನ್ನ ಹೆಸರಿನಲ್ಲಿ ಕೇಳಿ ಪಡೆದಿದ್ದಳು. ಅಮ್ಮ ಕೊಟ್ಟಳು, ಅಪ್ಪಾಜಿ ಕೊಟ್ಟರು. ನಾನು ಮಾತ್ರ "ನೀನೇ ಹುಡುಕ್ಕೋ" ಅಂದಿದ್ದೆ.

ಇಷ್ಟಾದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ಎರಡು ತಿಂಗಳ ಮೇಲೆ ದಟ್ಟಗಳ್ಳಿಯ ಮನೆಯಲ್ಲಿ ಪೂಜೆ. ಜಂಗಮರ ಊಟವಾಗಿ ನೆಂಟರ ಪಂಕ್ತಿ ನಡೆಯುತ್ತಿತ್ತು. ಅಕ್ಕ ಪಾಯಸದ ಪಾತ್ರೆ ಹಿಡಿದು ಬಡಿಸುತ್ತಿದ್ದಳು. ಅವಳ ಅತ್ತೆ ಎಡಗಡೆಯಿಂದ ಎರಡು ಸಲ ಕರೆದರು. ಆ ಗದ್ದಲದಲ್ಲಿ ಅವಳಿಗೆ ಕೇಳಿಸಲಿಲ್ಲ. ಅತ್ತೆ ಇಡೀ ಪಂಕ್ತಿಗೆ ಕೇಳುವಂತೆ, "ನೋಡಿದ್ರಾ ಕಣ್ರೀ, ನಾನು ದಿನಾ ಹೇಳೋದು ಇದನ್ನೇ. ಕರೆದ್ರೆ ಮೂಸಿ ಕೂಡ ನೋಡಲ್ಲ" ಅಂದರು.

ನನಗೆ ತಡೆಯಲಾಗಲಿಲ್ಲ. "ಅವಳಿಗೆ ಎಡಗಿವಿ ಕೇಳಲ್ಲ ಕಣ್ರಮ್ಮ. ಚಿಕ್ಕೋಳಿದ್ದಾಗಿಂದ ಕೇಳಲ್ಲ. ಇನ್ನಾದ್ರೂ ಧಿಮಾಕು ಅನ್ನೋದು ಬಿಟ್ಬುಡಿ" ಅಂದೆ.

ಅಮ್ಮನ ಕೈ ಎಲೆಯ ಮೇಲೇ ನಿಂತುಬಿಟ್ಟಿತು. ಅವಳಿಗೂ ಅದೇ ಮೊದಲು ತಿಳಿದದ್ದು. ಅತ್ತೆ ನಿಧಾನವಾಗಿ ನಮ್ಮ ಅಪ್ಪಾಜಿಯ ಕಡೆ ತಿರುಗಿ, "ಮದುವೆಗೆ ಮುಂಚೆ ಒಂದು ಮಾತು ಹೇಳಿದ್ರೆ ನಾವೇನು ಬೇಡ ಅಂತಿದ್ವಾ ಯಜಮಾನ್ರೇ?" ಅಂದರು. ಗೊತ್ತೇ ಇರದ ವಿಷಯಕ್ಕೆ ಅಪ್ಪಾಜಿ ತಲೆ ತಗ್ಗಿಸಿದರು. ಅಕ್ಕ ಪಾಯಸದ ಪಾತ್ರೆಯನ್ನು ಕೆಳಗಿಟ್ಟು ನನ್ನನ್ನು ಒಂದು ಸಲ ನೋಡಿ ಒಳಗೆ ಹೋದಳು. ಹೊರಡುವಾಗ ಬಾಗಿಲಿಗೂ ಬರಲಿಲ್ಲ.

ಆಮೇಲೆ ಮೂರು ವರ್ಷ ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ನಾನು ಕೆಲಸಕ್ಕೆ ಹೋದ ಹೊತ್ತು ನೋಡಿಕೊಂಡು ತವರಿಗೆ ಬಂದು, ನಾನು ಬರುವಷ್ಟರಲ್ಲಿ ಹೊರಟುಹೋಗುತ್ತಿದ್ದಳು. ಅವಳು ಕುಡಿದ ಕಾಫಿ ಲೋಟ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಇರುತ್ತಿತ್ತು. ಮೊದಮೊದಲು ನನಗೂ ಕೋಪವೇ. ಅವಳ ಒಳ್ಳೆಯದಕ್ಕೆ ಹೇಳಿದರೆ ನನ್ನ ಮೇಲೇ ಮುನಿಸೇ ಅಂತ. ಕೋಪ ಎಷ್ಟು ದಿನ ಇರುತ್ತದೆ? ಅವಳೇ ಕಾಪಾಡಿಕೊಂಡು ಬಂದಿದ್ದನ್ನು ಅವಳನ್ನು ಕೇಳದೆ ಹತ್ತು ಜನರ ಎದುರು ಎತ್ತಿಕೊಟ್ಟವಳು ನಾನು. ಅದು ಅರ್ಥವಾದ ಮೇಲೆ ಎರಡು ಸಲ ದಟ್ಟಗಳ್ಳಿಗೆ ಹೋದೆ. ಎರಡು ಸಲವೂ ಅವಳು ಕೋಣೆಯಿಂದ ಹೊರಗೆ ಬರಲಿಲ್ಲ. ಅತ್ತೆಯೇ ಕಾಫಿ ಕೊಟ್ಟು, "ಈಗ ನಾವೇ ಹತ್ರ ಹೋಗಿ ಕರೀತೀವಿ ಕಣಮ್ಮ. ಅವಳು ಮಾತ್ರ ನಿನ್ ಮೇಲೆ ಇನ್ನೂ ಬೇಜಾರಲ್ಲೇ ಇದಾಳೆ" ಅಂದರು.

ಅಷ್ಟರಲ್ಲಿ ಊರಿಗೆ ಮೊಬೈಲು ಬಂತು. ನಾನೂ ಒಂದು ಕೊಂಡೆ. ಬಸ್ಸಿನಲ್ಲಿ, ಮಾರ್ಕೆಟ್ಟಿನಲ್ಲಿ, ಎಲ್ಲರೂ ಒಂದು ಕಿವಿಗೆ ಫೋನ್ ಒತ್ತಿಕೊಂಡು ಮೊದಲು ಕೇಳುವುದು ಒಂದೇ ಮಾತು. "ಎಲ್ಲಿದೀಯ?" ಆ ಕಡೆಯವರು ಹೇಳುವುದೂ ಒಂದೇ. "ಸರ್ಕಲ್ ಹತ್ರ ಇದೀನಿ", "ಮನೇಲಿದೀನಿ". ನನಗೆ ಕೇಳಿ ಕೇಳಿ ಆಶ್ಚರ್ಯವಾಗುತ್ತಿತ್ತು. ಒಂದೇ ಕಿವಿಗೆ ಬಂದ ದನಿ ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಾಗುವುದಿಲ್ಲ ನೋಡಿ. ಹದಿಮೂರು ವರ್ಷದ ನಮ್ಮಕ್ಕ ಊಟದ ಮನೆಯಲ್ಲಿ ಮಾಡಿದ ಕಾನೂನನ್ನು ಈಗ ಇಡೀ ಮೈಸೂರು ಪಾಲಿಸುತ್ತಿತ್ತು. ಇದನ್ನು ಹೇಳಿಕೊಂಡು ನಗಬೇಕಾದವಳು ಅವಳೊಬ್ಬಳೇ. ಫೋನ್ ಬಡಿದುಕೊಂಡಾಗಲೆಲ್ಲ ಅವಳೇ ಇರಬಹುದೇ ಅಂತ ನೋಡುತ್ತಿದ್ದೆ. ಅವಳಾಗಿರುತ್ತಿರಲಿಲ್ಲ.

ಮೂರನೇ ವರ್ಷದ ಆಷಾಢದಲ್ಲಿ ಅಮ್ಮ ಹೇಳಿದಳು. "ನಿಮ್ಮಕ್ಕ ಈ ಶುಕ್ರವಾರ ಬೆಟ್ಟ ಹತ್ತುತಾಳಂತೆ. ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಇಡ್ತೀನಿ ಅಂತ ಹರಕೆ ಹೊತ್ತಿದಾಳಂತೆ. ನಾನು ಹೇಳ್ದೆ ಅಂತ ಹೇಳ್ಬೇಡ."

ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಹೊರಟೆ. ಆಷಾಢ ಶುಕ್ರವಾರದ ಚಾಮುಂಡಿ ಬೆಟ್ಟ ಅಂದರೆ ಹೇಳುವುದು ಬೇಡ. ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿಲ್ಲ. ಜನರ ಮಾತು, ಮಕ್ಕಳ ಅಳು, ಎಲ್ಲ ಸೇರಿ ನನ್ನ ಒಂದೇ ಕಿವಿಯೊಳಗೆ ಒಂದೇ ಮುದ್ದೆಯಾಗಿ ಬೀಳುತ್ತಿತ್ತು. ಬಗ್ಗಿ ಕುಂಕುಮ ಇಡುತ್ತಿದ್ದ ಹೆಂಗಸರ ಮುಖಗಳನ್ನೆಲ್ಲ ನೋಡುತ್ತಾ ಹತ್ತಿದೆ. ನಂದಿಯ ಹತ್ತಿರ ಬಂದರೂ ಅವಳು ಸಿಗಲಿಲ್ಲ. ಅಲ್ಲೇ ಒಂದು ಕಡಲೆಪುರಿ ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ನಿಂತು ಕೆಳಗೆ ನೋಡಿದೆ.

ಕಂಡಳು. ಇಪ್ಪತ್ತು ಮೂವತ್ತು ಮೆಟ್ಟಿಲು ಕೆಳಗೆ, ಹಸಿರು ಸೀರೆಯಲ್ಲಿ, ಒಂದು ಕೈಯಲ್ಲಿ ಅರಿಶಿನದ ಬಟ್ಟಲು, ಒಂದು ಕೈಯಲ್ಲಿ ಕುಂಕುಮದ್ದು. ಸ್ವಲ್ಪ ಸೊರಗಿದ್ದಳು.

"ಅಕ್ಕಾ" ಅಂತ ಕರೆದೆ. ಅವಳು ಬಗ್ಗಿದ್ದವಳು ಎದ್ದು ನಿಂತಳು. ಬಲಕ್ಕೆ ತಿರುಗಿ ನೋಡಿದಳು. ಅಲ್ಲಿ ಬರೀ ಗಿಡಗಂಟಿ. ಮತ್ತೆ ಕರೆದೆ. ಮತ್ತೆ ಬಲಕ್ಕೇ ನೋಡಿದಳು, ಆಮೇಲೆ ಹಿಂದಕ್ಕೆ, ತಾನು ಹತ್ತಿ ಬಂದ ಕಡೆಗೆ. ಎರಡೂ ಬಟ್ಟಲು ಹಿಡಿದುಕೊಂಡು, ಜನ ಮೈ ತಾಗಿಸಿಕೊಂಡು ಹೋಗುತ್ತಿದ್ದರೂ ಅಲುಗದೆ ನಿಂತಳು. ಅಕ್ಕಿ ಮೂಟೆಯ ಹಿಂದೆ ಕೂತವಳಿಗೆ ಕಾಣದೇ ಹೋಗಿದ್ದ ಅವಳ ಮುಖ ಈಗ ಕಂಡಿತು. ಮೂರನೇ ಸಲ ಕರೆದಾಗ ಅವಳು ಹುಡುಕುವುದನ್ನೂ ನಿಲ್ಲಿಸಿ ತಲೆ ತಗ್ಗಿಸಿದಳು.

ಇದ್ದಬದ್ದ ಉಸಿರೆಲ್ಲ ಸೇರಿಸಿ ಕೂಗಿದೆ.

"ಅಕ್ಕಾ, ಮೇಲೆ ಕಣೇ. ನಂದಿ ಹತ್ರ, ಕಡಲೆಪುರಿ ಅಂಗಡಿ ಪಕ್ಕ, ಕಟ್ಟೆ ಮೇಲೆ ಇದೀನಿ."

ಅವಳು ನೇರವಾಗಿ ಮೇಲಕ್ಕೆ ನೋಡಿದಳು. ಹರಕೆ ಬಿಡಲಿಲ್ಲ. ಪ್ರತಿ ಮೆಟ್ಟಿಲಿಗೂ ಬಗ್ಗಿ, ಅರಿಶಿನ ಇಟ್ಟು, ಕುಂಕುಮ ಇಟ್ಟು, ಹತ್ತಿ ಬಂದಳು. ಅಷ್ಟು ಹೊತ್ತೂ ನಾನು ಕಟ್ಟೆ ಬಿಟ್ಟು ಇಳಿಯಲಿಲ್ಲ. ಹೇಳಿದ ಜಾಗದಲ್ಲಿ ಇಲ್ಲದೇ ಹೋದರೆ ಅಂತ ಭಯ. ಬಂದವಳು ನನ್ನನ್ನು ಸುತ್ತಿ ಹಾಯ್ದು ಎಡಕ್ಕೆ ನಿಂತಳು. ಕೈಯೆಲ್ಲ ಅರಿಶಿನ, ಉಸಿರು ಮೇಲೆ ಕೆಳಗೆ.

"ಎಷ್ಟು ಸಲ ಕರೆದೆ ಗೊತ್ತಾ?" ಅಂದೆ. ಕೇಳಬೇಕಾಗಿದ್ದದ್ದು ಕ್ಷಮೆ. ಬಾಯಿಗೆ ಬಂದದ್ದು ಇದು.

"ಮೊದಲನೇ ಸಲಕ್ಕೇ ಕೇಳಿಸ್ತು ಕಣೇ" ಅಂದಳು ಅಕ್ಕ. "ಎಲ್ಲಿದೀಯ ಅಂತ ಈಗ್ಲಾದ್ರೂ ಹೇಳ್ತೀಯೇನೋ ಅಂತ ನಿಂತಿದ್ದೆ."

ಕುಂಕುಮದ ಬಟ್ಟಲನ್ನು ಅವಳ ಕೈಯಿಂದ ನಾನು ತೆಗೆದುಕೊಂಡೆ. ಉಳಿದ ಮೆಟ್ಟಿಲುಗಳಿಗೆ ಅವಳು ಅರಿಶಿನ ಇಟ್ಟಳು, ನಾನು ಕುಂಕುಮ ಇಟ್ಟೆ.